ಉಲ್ಟಾ ಬಿದ್ದ ಬೋರ್ಡು

ಕೋಗಿಲಬನದ ದುಂಡೇಶಣ್ಣನಿಗೆ, ದಾಂಡೇಲಿಯಿಂದ ಸುವರ್ಣಾಳ ನಮಸ್ಕಾರ.

ನಿನ್ನ ಫೋನು ಬಂದಾಗಿನಿಂದ ನನಗೆ ಸಿಟ್ಟೋ ಸಿಟ್ಟು. ನಮ್ಮ ಫೌಂಡ್ರಿ ಕಾರ್ಮಿಕರ ಸಂಘಕ್ಕೆ ನಲವತ್ತು ತುಂಬಿತು, ಅದರ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ ಎಂದರೆ, "ಎಲ್ಲಾ ಬರಿ ತಂಗಿ, ಆ ಬೋರ್ಡಿನ ಸುದ್ದಿ ಮಾತ್ರ ಬಿಡು" ಅಂದೆಯಲ್ಲ! ಅದನ್ನು ಬಿಟ್ಟರೆ ಉಳಿಯುವುದೇನು? ಮೂರು ಮುಷ್ಕರ, ಎರಡು ಒಪ್ಪಂದ, ನಮ್ಮ ಮೊದಲ ಅಧ್ಯಕ್ಷ ಚನಬಸಪ್ಪನವರ ಮುಗಿಯದ ಭಾಷಣ.

ಎರಕದವರ ಸಂಘಕ್ಕೆ ಎರಕದ ಬೋರ್ಡೇ ಬೇಕು ಎಂದು ಹಟ ಹಿಡಿದವನು ನೀನು. ಮರುದಿನವೇ ಸಂಘದ ಕಚೇರಿಯ ಉದ್ಘಾಟನೆ, ಕಟ್ಟಿಗೆಯ ಅಚ್ಚು ಮಾಡಿಸಲು ಪುರುಸೊತ್ತಿಲ್ಲ. ಒದ್ದೆ ಮರಳಿನಲ್ಲೇ ಅಕ್ಷರ ಕೊರೆದು ಕರಗಿದ ಕಬ್ಬಿಣ ಹೊಯ್ದೆವು. ಆರಿದ ಮೇಲೆ ಮರಳು ಕೊಡವಿ ನೋಡಿದರೆ, ಅಯ್ಯಯ್ಯ, ಸಂಘದ ಹೆಸರೆಲ್ಲ ಹಿಂದುಮುಂದು! ಮರಳಿನಲ್ಲಿ ನೆಟ್ಟಗೆ ಕೊರೆದದ್ದು ಎರಕದಲ್ಲಿ ತಿರುಗಿ ಬರುತ್ತದೆ ಎಂಬುದು ಫೌಂಡ್ರಿಯಲ್ಲಿ ಕಸ ಹೊಡೆಯುವವರಿಗೂ ಗೊತ್ತು. ಅವಸರದಲ್ಲಿ ಮರೆತಿತ್ತು. ಚನಬಸಪ್ಪನವರು, "ಇದನ್ನ ಓದಬೇಕಂದ್ರ ಮಾಲಕ ಕನ್ನಡಿ ಹಿಡ್ಕೊಂಡು ಬರಬೇಕಲ್ಲೋ!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅದನ್ನೇ ಬಾಗಿಲ ಮೇಲೆ ತೂಗುಹಾಕಿಸಿದರು. ಅಂದಿನಿಂದ ನೀನು ಊರಿಗೆಲ್ಲ ಉಲ್ಟಾ ದುಂಡೇಶ.

ಆದರೆ ಅಣ್ಣಾ, ನಿನಗೆ ಆಗ ಓದುಬರಹ ಬರುತ್ತಿರಲಿಲ್ಲ. ಹೆಸರು ಬರೆದ ಚೀಟಿಯನ್ನು ನೋಡಿಕೊಂಡು ನೀನೇ ಕೊರೆದೆ ಎಂದುಕೊಂಡರು ಎಲ್ಲರೂ. ಕೊರೆದವಳು ನಾನು. ಹೆಂಗಸರನ್ನು ಸಂಘಕ್ಕೆ ಸೇರಿಸಿಕೊಂಡು ವಾರವೂ ಆಗಿರಲಿಲ್ಲ. ಬೇಡ ಎಂದವರೇ ಹೆಚ್ಚು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಕಣ್ಣು ಬಿಟ್ಟು ಗದರಿದೆ: "ಸುಮ್ನಿರು ತಂಗಿ. ನಿನ್ನ ಹೆಸರು ಬಂದ್ರ ನಾಳೆ ಎಲ್ಲಾ ಹೆಣ್ಮಕ್ಕಳನ್ನೂ ಹೊರಗ ಹಾಕ್ತಾರ. ನಂದೇನೈತಿ, ನಕ್ಕೋತ ಹೋಗ್ತೇನಿ." ನಾನು ಸುಮ್ಮನಾದೆ. ಅದೇ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೂ ಸುಮ್ಮನೇ ಇದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಈಗಲೂ ನನ್ನ ಮರ್ಯಾದೆಯನ್ನೇ ಕಾಯಲು ಹೊರಟಿದ್ದೀಯ, ಗೊತ್ತಿಲ್ಲವೇ ನನಗೆ? ಸಾಕಪ್ಪಾ ಸಾಕು. ನಿನ್ನ ಮಾತು ಮೀರಿದ್ದೇನೆ. ಚರಿತ್ರೆಯ ಮೊದಲ ಪುಟದಲ್ಲೇ, ಕೊರೆದವಳು ಸುವರ್ಣಾ, ನಗೆಪಾಟಲಾದವನು ದುಂಡೇಶ ಎಂದು ಬರೆದು ನಿನ್ನೆ ಪ್ರೆಸ್ಸಿಗೆ ಕೊಟ್ಟುಬಿಟ್ಟೆ. ಬೈಯುವುದಾದರೆ ಎದುರಿಗೆ ಬಂದು ಬೈ.

ಭಾನುವಾರ ಬೆಳಗಿನ ಬಸ್ಸಿಗೇ ಬಾ. ನಿವೃತ್ತನಾದ ಮೇಲೆ ಸೊಸೆ ಲಕ್ಷ್ಮಿಯ ಹತ್ತಿರ ಕೂತು ಓದಲು ಕಲಿತಿದ್ದೀಯಂತೆ. ಎಲ್ಲರೆದುರು ಆ ಬೋರ್ಡನ್ನು ನೀನೇ ಓದಬೇಕು. ಕನ್ನಡಿ ನಾನು ಹಿಡಿಯುತ್ತೇನೆ.

ನಿನ್ನ ಮೊಣಕಾಲು ಗಟ್ಟಿಯಿರಲಿ, ನಗು ಅದಕ್ಕಿಂತ ಗಟ್ಟಿಯಿರಲಿ.

ನಲವತ್ತು ವರ್ಷ ತಡಮಾಡಿದ ನಿನ್ನ ತಂಗಿ,
ಸುವರ್ಣಾ