ಡಬ್ಬದಲ್ಲಿ ನಿಂತ ನೀರು

ಜೂನ್ ೧೧, ಬುಧವಾರ

ಆ ನೀರು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ರಸ್ತೆಯ ಮಳೆನೀರನ್ನು ಸೋಸುವ ನಮ್ಮ ಮರಳುಗುಂಡಿಯಲ್ಲಿ, ತಳ ಕತ್ತರಿಸಿದ ಪೇಂಟ್ ಡಬ್ಬ ಊರಿ, ಬೆಳಿಗ್ಗೆ ಅದರ ತುಂಬ ನೀರು ಹೊಯ್ದಿದ್ದೆ. ಗುಂಡಿ ಸರಿಯಿದ್ದರೆ ಗಟಗಟ ಕುಡಿದುಬಿಡಬೇಕು. ಸಂಜೆಯೂ ಹಾಗೇ ನಿಂತಿತ್ತು, ಒಂದು ಸೊಳ್ಳೆ ಬೇರೆ ಕೂತಿತ್ತು.

ಒಳಗೆ ಎಣ್ಣೆ, ಕೆಸರು ಸೇರಿ ಗಾರೆಯಾಗಿದೆ. ಅದನ್ನು ಅಗೆದು ತೆಗೆಸುವುದು ಬಿಟ್ಟು ಮೇಲೆ ಎರಡು ಬೆರಳು ಹೊಸ ಮರಳು ಹರಡಿಸಿದ್ದಾರೆ ನಮ್ಮ ಆಫೀಸಿನ ಸಾಹೇಬರು. ಮೇಲೆ ಥಳುಕು, ಒಳಗೆ ಹುಳುಕು.

"ನೀರು ಇಳೀತಿಲ್ಲ ಸಾರ್, ದಮ್ಮಯ್ಯ, ಅಗೆಸೋಕೆ ಎರಡು ದಿನ ಕೊಡಿ" ಎಂದು ಅವರನ್ನು ಗೋಗರೆದೆ.

"ಕೆಲಸ ಮುಗಿದ ಫೋಟೋದಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲಮ್ಮ!" ಎಂದರು.

ನಾಳೆ ಜೋರು ಮಳೆಯಂತೆ. ಗುಂಡಿ ಉಕ್ಕಿದರೆ ನೀರು ನುಗ್ಗುವುದು ಪಕ್ಕದ ನೆಲಮಾಳಿಗೆಗೆ. ಅಲ್ಲಿರುವುದು ಶಿಶುವಿಹಾರ. ನಮ್ಮ ಪುಟ್ಟಿ ಮಧ್ಯಾಹ್ನ ಮಲಗುವುದೂ ಅಲ್ಲೇ. ಟೀಚರಮ್ಮನ ಕೈ ಹಿಡಿದು ಹೇಳಿದೆ, ನಾಳೆ ಒಂದು ದಿನ ಬಾಗಿಲು ಹಾಕಿ ಎಂದು.

"ನಿಮ್ಮ ಸಾಹೇಬರೇ ಎಲ್ಲಾ ಸರಿಯಾಗಿದೆ ಅಂದ್ರಲ್ಲ?" ಎಂದು ನಕ್ಕರು.

ಗೋಡೆಗಾದರೂ ಹೇಳಿದ್ದರೆ ಆಗಿತ್ತು. ಯಜಮಾನರಿಗೆ ಮಾತ್ರ ಎಲ್ಲವೂ ಸುಲಭ. "ಪುಟ್ಟಿಗೆ ಜ್ವರ ಅಂತ ಹೇಳಿ ಮನೇಲಿ ಇಟ್ಕೊಳ್ಳೋಣ, ಮಲ್ಕೋ" ಎಂದು ಆಚೆ ತಿರುಗಿ ಗೊರಕೆ ಹೊಡೆಯುತ್ತಿದ್ದಾರೆ.

ಇಟ್ಟುಕೊಳ್ಳುತ್ತೇನೆ. ಇಟ್ಟುಕೊಳ್ಳದೆ ಏನು? ಆದರೆ ಅವಳ ಪಕ್ಕದ ಚಾಪೆಯಲ್ಲಿ ಮಲಗುವ ಆ ಹಲ್ಲಿಲ್ಲದ ಪೋರಿಗೆ, ಉಳಿದ ಅಷ್ಟೂ ಮಕ್ಕಳಿಗೆ, ನಾನು ಯಾವ ಜ್ವರ ಬರಿಸಲಿ?

ತಗಡಿನ ಮೇಲೆ ಏನೋ ಟಪ್ ಎಂದಿತು. ನಲ್ಲಿ ಇರಬೇಕು. ನಲ್ಲಿಯೇ. ಎದ್ದು ನೋಡಲು ಧೈರ್ಯ ಬರುತ್ತಿಲ್ಲ.