ಜಿಲ್ಲೆಯ ಕಾಲಂ

ನೇಪರ್‌ವಿಲ್
22-9-1975, ಸೋಮವಾರ

ಚಿರಂಜೀವಿ ಪದ್ಮನಾಭನಿಗೆ ಅಕ್ಕ ಕೌಸಲ್ಯಾ ಮಾಡುವ ಆಶೀರ್ವಾದ.

'ಫೋನಿನಲ್ಲಿ ಕಿರುಚುತ್ತೀಯ, ಎಲ್ಲ ವಿವರವಾಗಿ ಬರೆದು ಹಾಕು' ಎಂದು ನನಗೆ ಅಪ್ಪಣೆ ಮಾಡಿದೆಯಲ್ಲ, ಅದಕ್ಕೇ ಈ ಶಿಕ್ಷೆ. ಅಮ್ಮ ತೀರಿಕೊಂಡು ನೀನು ನನ್ನ ಸೊಂಟ ಏರಿದಾಗ ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ತಲೆ ಓರೆ ಮಾಡಿಕೊಂಡು ಓದು.

ನಿನ್ನೆ ಶ್ಯಾಮ್ ನನ್ನನ್ನು ಶಿಕಾಗೋಗೆ, ಅವನು ಮದುವೆಯಾಗುತ್ತೇನೆನ್ನುವ ಮಾರ್ತಾಳ ಮನೆಗೆ ಕರೆದುಕೊಂಡು ಹೋದ. ನೀನು ಮಗನ ಜೊತೆ ಮಾತು ಬಿಟ್ಟು ಮೂರು ತಿಂಗಳಾಯಿತು. ಮೂವತ್ತು ಮೈಲಿ ಡ್ರೈವ್ ಮಾಡುವಷ್ಟು ಹೊತ್ತೂ ಅವನು ಕೇಳಿದ್ದು ಒಂದೇ: "ಅತ್ತೆ, ಅಪ್ಪ ಏನಾದ್ರೂ ಅಂದ್ರಾ?" ನನಗೆ ಸಿಟ್ಟು ಬಂದು, ರಸ್ತೆ ನೋಡಿಕೊಂಡು ಓಡಿಸು ಎಂದೆ.

ಹುಡುಗಿಯ ಕುಲ, ಊರು ಎಲ್ಲ ಕೇಳಿ ನೀನು ಟೈಪ್ ಮಾಡಿ ಕಳಿಸಿದ ಹಾಳೆಯನ್ನು ಮಾರ್ತಾ ಮೊದಲೇ ತುಂಬಿ ನಿನಗೆ ಕಳಿಸಿದ್ದಳಲ್ಲ. ಗೋತ್ರ ಎಂದರೇನೆಂದು ಅವಳ ಅಜ್ಜಿ ಪರಾಸ್ಕಾ ನಿನ್ನೆ ನನ್ನನ್ನು ಕೇಳಿದಳು. ಅದನ್ನು ಬಿಡಿ ಎಂದೆ. ನೀನು ಬೆಂಕಿಯಾಗಿದ್ದು ಜಿಲ್ಲೆಯ ಕಾಲಂ ನೋಡಿ. ಹುಡುಗಿ ಅಲ್ಲಿ 'ಟರ್ನೋಪಿಲ್ ಒಬ್ಲಾಸ್ಟ್' ಎಂದು ಬರೆದಿದ್ದಳು. ನೀನು ನಿನ್ನ ದಪ್ಪ ಡಿಕ್ಷನರಿ ತೆಗೆದೆ. ಒಬ್ಲಾಸ್ಟ್ ಎಂದರೆ ರಷ್ಯಾದ ಪ್ರಾಂತ್ಯ, ಇವರು ಕಮ್ಯುನಿಸ್ಟರು, ನವೆಂಬರಿನಲ್ಲಿ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ಈ ಸಂಬಂಧ ಬೇಡ ಎಂದುಬಿಟ್ಟೆ ನೀನು. ಡಿಕ್ಷನರಿಗಿಂತ ಮನುಷ್ಯರನ್ನು ಕೇಳುವುದು ವಾಸಿ ಎಂದು ನಾನು ಹೋದೆ.

ಮನೆ ಚಿಕ್ಕದು, ಚೊಕ್ಕಟ. ಮಾಂಸ ಬೇಯಿಸುತ್ತಾರೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನನಗೆಂದು ಆಲೂಗಡ್ಡೆ ತುಂಬಿದ ಕಡುಬು ಮಾಡಿದ್ದರು. ಖಾರವಿಲ್ಲ, ಆದರೂ ಆರು ತಿಂದೆ. ತಿಂದ ಮೇಲೆ ನೇರವಾಗಿ ಕೇಳಿದೆ, ನೀವು ರಷ್ಯಾದವರೇ ಎಂದು. ಶ್ಯಾಮ್ ಇಂಗ್ಲಿಷಿನಲ್ಲಿ ಮೆತ್ತಗೆ ತಿರುಗಿಸಲು ಹೋದ. "ಸುಣ್ಣ ಬಳೀಬೇಡ ಕಣೋ, ನಾನಂದಿದ್ದು ಅಂದ ಹಾಗೇ ಹೇಳು" ಎಂದು ಗದರಿದೆ.

ಪರಾಸ್ಕಾ ಸೌಟು ಕೆಳಗಿಟ್ಟು ಹೇಳತೊಡಗಿದಳು. ಅವಳು ಹುಟ್ಟಿದಾಗ ಆ ಹಳ್ಳಿ ಆಸ್ಟ್ರಿಯಾದ ರಾಜನದು. ಮದುವೆಯಾಗುವ ಹೊತ್ತಿಗೆ ಪೋಲೆಂಡಿನದು, ಜಿಲ್ಲೆಗೆ ಬೇರೊಂದು ಹೆಸರು, ಅದು ನನ್ನ ನಾಲಿಗೆಗೆ ಹೊರಳದು. ಮೂವತ್ತೊಂಬತ್ತನೇ ಇಸವಿಯಲ್ಲಿ ರಷ್ಯಾದ ಸೈನ್ಯ ಬಂದು ಒಬ್ಲಾಸ್ಟ್ ಎಂದು ಬೋರ್ಡು ಹಾಕಿತಂತೆ. ಮುಂದಿನ ವರ್ಷ, ಸ್ಕೂಲ್ ಮೇಷ್ಟ್ರಾಗಿದ್ದ ಅವಳ ಗಂಡನನ್ನು ವಿಚಾರಣೆಗೆಂದು ಕರೆದುಕೊಂಡು ಹೋದರು. ಇಂದಿಗೂ ಆತ ಬಂದಿಲ್ಲ. ಅವಳು ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಓಡಿಬಂದವಳು.

ಹಾಗಾದರೆ ಆ ಪದ ಯಾಕೆ ಬರೆಸಿದಿರಿ ಎಂದು ನಾನೂ ಬಿಡಲಿಲ್ಲ. "ನನ್ನ ತಂಗಿ ಇನ್ನೂ ಅಲ್ಲೇ ಇದ್ದಾಳೆ. ತಿಂಗಳಿಗೊಂದು ಸಲ ಲಕೋಟೆ ಮೇಲೆ ಅದನ್ನ ಬರೀತೀನಿ. ಬರೀದಿದ್ರೆ ಕಾಗದ ಮುಟ್ಟಲ್ಲ" ಎಂದಳು. ನಾನೇ ಎದ್ದು ತಟ್ಟೆ ತೊಳೆಯಲು ಹೋದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ನಿನ್ನ ಊರು ಕೊಳ್ಳೇಗಾಲ, ಮೈಸೂರು ಜಿಲ್ಲೆ ಎಂದು ತುಂಬಿದ್ದೀಯೆಂದು ನಿನ್ನ ಹೆಂಡತಿ ಸರಳಾ ಹೇಳಿದಳು. ನೀನು ಹುಟ್ಟಿದಾಗ ಅದು ಕೊಯಮತ್ತೂರು ಜಿಲ್ಲೆ, ಮದರಾಸಿನದು. ಮೈಸೂರಿಗೆ ಸೇರಿಸಿದ್ದು ಐವತ್ತಾರರಲ್ಲಿ. ಅಂದು ನಮ್ಮ ಬಚ್ಚಲೊಲೆಯನ್ನು ಯಾರಾದರೂ ಒಂದು ಗೇಣು ಆಚೆಗೆ ಸರಿಸಿದರೇನೋ? ಯಾರೋ ಹಾಕಿದ ಬೋರ್ಡಿಗೆ ನೀನು ಹೊಣೆಯಲ್ಲ. ಆ ಮುದುಕಿ ಯಾಕೆ ಹೊಣೆಯಾಗಬೇಕು? ಹೆದರಿಕೆಯಿದ್ದರೆ ವಕೀಲನನ್ನು ಕೇಳು, ಮಗನ ಮೇಲೆ ತೀರಿಸಿಕೊಳ್ಳಬೇಡ.

ಸೊಸೆ ನಮ್ಮವಳೇ ಆಗಿದ್ದರೆ ಎಂದು ನನ್ನ ಮನಸ್ಸಿನಲ್ಲೂ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಅಷ್ಟಿಲ್ಲ. ನನ್ನ ಮಗ ಕೇಶವ್ ಪೋಸ್ಟಿಗೆ ಹೊರಟಿದ್ದಾನೆ, ನಿಲ್ಲಿಸುತ್ತೇನೆ. ಸರಳಾಗೂ ಓದಿ ಹೇಳು.

ಇಂತು,
ನಿನ್ನ ಅಕ್ಕ
ಕೌಸಲ್ಯಾ

ವಿ. ಸೂ.: ಹೊರಡುವಾಗ ಮಾರ್ತಾ ಕೆಂಪು ಕಸೂತಿಯ ಉದ್ದನೆಯ ಟವೆಲೊಂದನ್ನು ನನ್ನ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಕಟ್ಟಿದಳು. ಕಾರಿನಲ್ಲಿ ಶ್ಯಾಮ್ ಅದನ್ನು ನೋಡಿ ಗಾಬರಿಯಾದ. "ಅತ್ತೆ, ಸನ್ಮಾನದ ಶಾಲು ಅಂದ್ಕೊಂಡ್ರಾ? ಅವರಲ್ಲಿ ಗಂಡಿನ ಕಡೆಯ ಹಿರಿಯರಿಗೆ ಅದನ್ನ ಕಟ್ಟಿದ್ರೆ ನಿಶ್ಚಿತಾರ್ಥ ಮುಗೀತು ಅಂತ!" ನಾನು ತಿಳಿಯದವಳ ಹಾಗೆ ಕೂತಿದ್ದೆ. ಅವನು ಕಾರು ತರಲು ಹೋಗಿದ್ದಾಗ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿ, ಕಟ್ಟಲೇ ಬೇಡವೇ ಎಂದು ಎರಡು ಸಲ ಕೇಳಿದ್ದಳು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಅಕ್ಟೋಬರ್ ಐದರೊಳಗೆ ನಿನ್ನ ಉತ್ತರ ನನ್ನ ಕೈಸೇರಬೇಕು.