ಸೇತುವೆಯ ಬೀಗದ ಕೈ

ಯಸಳೂರು
9-8-1998

ಬಸಮ್ಮನಿಗೆ,

ಕ್ಷೇಮವೇ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ. ಆದರೂ ಕೇಳುತ್ತಿದ್ದೇನೆ. ನೀನು ಈ ಮನೆ ಬಿಟ್ಟು ಕುಂದೂರಿಗೆ, ನಿನ್ನ ತಮ್ಮನ ಮನೆಗೆ ಹೋಗಿ ನಾಲ್ಕು ವರ್ಷವಾಯಿತು. ಇದು ನನ್ನ ಮೊದಲ ಕಾಗದ. ಕನ್ನಡಕ ಹುಡುಕಬೇಡ, ನೆತ್ತಿಯ ಮೇಲೇ ಇರುತ್ತದೆ. ನೀನು ಹೊರಟಾಗ ನಾನು ಪೂಜೆಯಲ್ಲಿದ್ದೆ, ತಿಳಿದಿದ್ದರೆ ತಡೆಯುತ್ತಿದ್ದೆ ಎಂದು ನಿನ್ನ ತಮ್ಮನ ಹತ್ತಿರ ಹೇಳಿ ಕಳಿಸಿದ್ದೆ. ನೀನು ನಂಬಿದೆಯೋ ಇಲ್ಲವೋ ತಿಳಿಯಲಿಲ್ಲ.

ಮಾದೇವಮ್ಮ ಹೋಗಿಬಿಟ್ಟಳು. ಪೂಜೆಗೆ ಪತ್ರೆ ತರುವ ನಮ್ಮ ಚಲುವಯ್ಯನ ಹೆಂಡತಿ. ಇವತ್ತಿಗೆ ಹದಿನೇಳು ದಿನ.

ಬೆಳಿಗ್ಗೆ ಸೌದೆ ಎಳೆಯಲು ಹೋದವಳಿಗೆ ಹಾವು ಕಚ್ಚಿತು. ಚಲುವಯ್ಯನೂ ನೆರೆಮನೆಯ ಅಣ್ಣಯ್ಯನೂ ಅವಳನ್ನು ಕಂಬಳಿಯಲ್ಲಿ ಹೊತ್ತುಕೊಂಡು ಸೇತುವೆಯ ತನಕ ಓಡಿಬಂದರು. ಆಚೆ ದಡದಲ್ಲಿ ರಸ್ತೆ, ಎಸ್ಟೇಟಿನ ಜೀಪು ಅಲ್ಲೇ ನಿಲ್ಲುತ್ತದೆ. ಸೇತುವೆಯ ಗೇಟಿಗೆ ಬೀಗ ಬಿದ್ದಿತ್ತು.

ಆ ಬೀಗ ನೀನು ಹೋದಮೇಲೆ ಬಂದದ್ದು. ಒಂದು ಮಳೆಗಾಲ ಅಣ್ಣಯ್ಯನ ಹಸು ಮುರಿದ ಹಲಗೆಯಲ್ಲಿ ಕಾಲು ಸಿಕ್ಕಿಸಿಕೊಂಡು ಹಳ್ಳಕ್ಕೆ ಬಿತ್ತು. ಅಂದಿನಿಂದ ನಾನೊಂದು ನಿಯಮ ಮಾಡಿದೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಬೀಗ. ಬೆಳಿಗ್ಗೆ ನಾನು ಪೂಜೆ ಮುಗಿಸಿ, ತಂತಿಹಗ್ಗ, ಬೋಲ್ಟು, ಹಲಗೆ ಎಲ್ಲ ನೋಡಿ, ನಾನೇ ಮೊದಲು ದಾಟಿದ ಮೇಲೆ ಉಳಿದವರು. ಮೂವತ್ತು ವರ್ಷ ಸೇನೆಯ ಎಂಜಿನಿಯರ್ ದಳದಲ್ಲಿ ಸೇತುವೆ ಕಟ್ಟಿದವನು, ನಾನು ಊರಿಗೆ ಕಟ್ಟಿಕೊಟ್ಟ ಸೇತುವೆಯಿಂದ ಒಂದು ಜೀವವೂ ಹೋಗಬಾರದು ಎಂಬ ಹಟ ನನ್ನದು. ಬೀಗದ ಕೈ ಪೂಜೆಯ ಕೋಣೆಯಲ್ಲಿ, ವಿಭೂತಿಗಟ್ಟಿಯ ಪಕ್ಕ ಇರುತ್ತಿತ್ತು.

ಅವರು ನಮ್ಮ ಜಗಲಿಗೆ ಬಂದಾಗ ನಾನು ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದೆ. ಪೂಜೆಗೆ ಕೂತರೆ ಹೊರಗಿನದು ನನಗೆ ಕೇಳಿಸುವುದಿಲ್ಲ, ನಿನಗೆ ಗೊತ್ತು. ಯಾರೂ ಬಾಗಿಲು ಬಡಿಯಲಿಲ್ಲ. ಹಿಂದೊಮ್ಮೆ ಹಾಗೆ ಬಡಿದ ಅಣ್ಣಯ್ಯನಿಗೆ ನಾನು ಊರೆದುರು ಬೈದಿದ್ದೆನಲ್ಲ, ನೀನೇ ಅವನಿಗೆ ಕಾಫಿ ಕೊಟ್ಟು ಸಮಾಧಾನ ಮಾಡಿದ್ದೆ. ನಾನು ಮಂಗಳಾರತಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಮಾದೇವಮ್ಮನಿಗೆ ಕಣ್ಣಿನ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ.

ಆವತ್ತು ಏನನ್ನೂ ಪರೀಕ್ಷೆ ಮಾಡದೆ ಬೀಗ ತೆಗೆದು ಓಡಿದೆ. ಆಮೇಲೆ ನೋಡಿದೆ, ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಸಕಲೇಶಪುರದ ಆಸ್ಪತ್ರೆಯ ಗೇಟಿನಲ್ಲಿ ಅವಳ ಉಸಿರು ನಿಂತಿತು. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ನನ್ನ ಮುಖ ನೋಡಿ ಒಳಗೆ ಹೋದರು.

ಬೀಗ ಒಡೆಯಬಹುದಿತ್ತಲ್ಲ ಎಂದು ಚಲುವಯ್ಯನನ್ನು ಕೇಳಿದೆ. ಸೊಂಟದಲ್ಲಿ ಕತ್ತಿ ಇತ್ತು ಅವನಿಗೆ.

"ನೀವ್ ಹಾಕಿರೋ ಬೀಗ ಸ್ವಾಮಿ, ನಾವ್ ಹೆಂಗ್ ಒಡೆಯೋದು" ಅಂದ.

ಅವನು ಬೈಯಲಿಲ್ಲ ಬಸಮ್ಮ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೇತುವೆ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಮಾದೇವಮ್ಮನೇ ಮುಂದೆ. ಮೊದಲ ದಿನ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ನೀನು ನಕ್ಕಿದ್ದಕ್ಕೆ, ಪೂಜೆ ಮಾಡುವ ಕೈ ಕಟ್ಟಿದ್ದು, ಮೆಟ್ಟು ಹಾಕಿ ತುಳಿಯಬಾರದು ಎಂದಳು. ಅವತ್ತು ನಾನು ಎಷ್ಟು ಉಬ್ಬಿಹೋಗಿದ್ದೆ ಎಂದು ನೆನೆದರೆ ಈಗ ಅಸಹ್ಯವಾಗುತ್ತದೆ.

ಬೀಗವನ್ನು ಹಳ್ಳಕ್ಕೆ ಎಸೆದೆ. ಗೇಟನ್ನೂ ಕಿತ್ತುಹಾಕಿದೆ. ಆದರೂ ಬೆಳಿಗ್ಗೆ ಯಾರೂ ದಾಟುವುದಿಲ್ಲ. ನಾನು ಪೂಜೆ ಮುಗಿಸಿ ಬಂದು ಮೊದಲು ಕಾಲಿಡಲಿ ಎಂದು ಕಾಯುತ್ತಾರೆ. ಚಲುವಯ್ಯ ಮೊದಲಿನ ಹಾಗೇ ಬಿಲ್ವಪತ್ರೆ ತಂದು ಜಗಲಿಯಲ್ಲಿ ಕೂರುತ್ತಾನೆ. ಇನ್ನು ಪೂಜೆ ಬಿಡುತ್ತೇನಪ್ಪ ಎಂದೆ.

"ನೀವು ಬುಟ್ಬುಟ್ರೆ ಅವಳು ಸುಮ್ ಸುಮ್ನೆ ಸತ್ತಂಗಾಯ್ತದೆ ಸ್ವಾಮಿ" ಅಂದ.

ಅವನಿಗೋಸ್ಕರ ದಿನವೂ ಕೂರುತ್ತೇನೆ. ಅಂಗೈಯಲ್ಲಿ ಈಗ ಇರುವುದು ಬರೀ ಕಲ್ಲು. ಐವತ್ತು ವರ್ಷ ಯಾರನ್ನು ಪೂಜಿಸಿದೆನೋ ಗೊತ್ತಾಗುತ್ತಿಲ್ಲ.

ಪಿಂಚಣಿ ಬಂದರೂ ನೀವು ಮನೆಗೆ ಬರಲಿಲ್ಲ ಎಂದು ನೀನು ಹೇಳುತ್ತಿದ್ದೆ. ನಿಜ. ಸೇವೆ ಎಂದರೆ ಊರಿಗೆ ಮಾಡುವುದು ಎಂದುಕೊಂಡಿದ್ದೆ. ಈಗ ವಾಪಸ್ಸು ಬಾ ಎಂದು ಕರೆಯಲು ಬರೆದದ್ದಲ್ಲ. ಬರಬೇಡ. ಚಲುವಯ್ಯನಿಗೆ ಹೇಳಲೇಬೇಕಾದ ಮಾತೊಂದಿದೆ. ದಿನವೂ ಬಾಯಿಗೆ ಬರುತ್ತದೆ, ಅವನ ಕೈಯ ಪತ್ರೆ ನೋಡಿದರೆ ಒಳಗೇ ಉಳಿಯುತ್ತದೆ. ನಿನಗಾದರೂ ಹೇಳೋಣ ಎಂದು ಕೂತೆ, ಕಾಗದವೇ ಮುಗಿಯುತ್ತಾ ಬಂತು.

ಇಂತು ನಿನ್ನವನಾಗದೇ ಉಳಿದ,
ಏಕಾಂತಯ್ಯ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆವತ್ತು ಚಲುವಯ್ಯ ಜಗಲಿಯಲ್ಲಿ ಮೂರು ಸಲ ಕೆಮ್ಮಿದ. ನನಗೆ ಕೇಳಿಸಿತು. ಮಾದೇವಮ್ಮ ನರಳಿದ್ದೂ ಕೇಳಿಸಿತು. ಒಂದು ದಿನವೂ ಪೂಜೆಯ ನಡುವೆ ಎದ್ದವನಲ್ಲ ಎಂಬ ಹೆಮ್ಮೆಗೆ ಏಳಲಿಲ್ಲ. ನೀನು ಹೊರಟ ದಿನ ಚೀಲ ಹಿಡಿದು ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತು, ಹೋಗಲಾ ಎಂದು ಎರಡು ಸಲ ಕೇಳಿದೆ. ಅದೂ ಕೇಳಿಸಿತ್ತು.